ಅವ್ವ ತರುತ್ತಿರುವ ಬನ್ನಿ

ಕೊಣ್ಣೂರ,
ದಸರೆಯ ಮರುದಿನ, 1938

ಪ್ರೀತಿಯ ಅಕ್ಕ ಅಲ್ಲವ್ವನಿಗೆ,

ಕ್ಷೇಮ ಸಮಾಚಾರ ಆಮೇಲೆ. ಈ ಕಾಗದ ಒಯ್ಯಲು ಸೈಕಲ್ ದುರಸ್ತಿಯ ಮೆಹಬೂಬ ಅಂಗಳದಲ್ಲಿ ಅವಸರ ಮಾಡುತ್ತಿದ್ದಾನೆ. ಅವ್ವನ ಗಾಡಿ ನಿಮ್ಮ ಹತ್ತರಗಿ ಮುಟ್ಟುವ ಮೊದಲೇ ಇದು ನಿನ್ನ ಕೈಸೇರಬೇಕು.

ಅವ್ವ ಈ ಸಲ ನಿನಗೆ ಬನ್ನಿ ಕೊಡಲು ಹೊರಟಿದ್ದಾಳೆ. ನಾಲ್ಕು ಎಲೆಯಲ್ಲ, ಉಡಿ ತುಂಬ ಟೊಂಗೆ. ಅದನ್ನು ನೀನು ತೆಗೆದುಕೊಳ್ಳಬೇಡ.

ಸಿಟ್ಟಾಗಬೇಡ, ಕೇಳು. ಗೋಕಾಕ ರಸ್ತೆಯ ಬಂಗಲೆಗೆ ಹೋದ ವರ್ಷ ಯಾವುದೋ ದೂರದ ಗುಡ್ಡದಿಂದ ಅಂದದ ಸಸಿಗಳನ್ನು ತರಿಸಿದರು. ಅವುಗಳ ಜೊತೆ ಒಂದು ಬಿಳಿ ಹುಳು ಬಂತು. ನೋಡಿದರೆ ಹತ್ತಿ ಅಂಟಿಸಿದ ಹಾಗೆ. ಅಲ್ಲಿಂದ ನಮ್ಮೂರ ಬನ್ನಿಗೆ ಹರಡಿ, ಎಲೆಯೆಲ್ಲ ಜಿಗಿಜಿಗಿ ಆಯಿತು. ಅವ್ವ ಮರಕ್ಕೆ ಕೈಮುಗಿದು, "ತಾಯಿ ಬೆವತಾಳೋ ಕೇದಾರಿ! ಬೆವರು ಹತ್ತಿದ ಟೊಂಗಿ ಇಟ್ಟರ ಛಲೋ ಆಗತೈತಿ" ಅಂದಳು. ಅಷ್ಟು ಸಾಕಾಯಿತು ಜನಕ್ಕೆ. ಆ ದಸರೆಗೆ ಮೂಡಲಗಿಯವರೂ ಟೊಂಗೆ ಮುರಿದು ಒಯ್ದು, ತಮ್ಮ ಬನ್ನಿಯ ಬುಡಕ್ಕೆ ಇಟ್ಟು ಪೂಜೆ ಮಾಡಿದರು. ಆಮೇಲೆ ಜಿಗಿ ಇದ್ದಲ್ಲೆಲ್ಲ ಮಸಿಯಂಥ ಬೂಷ್ಟು ಹಿಡಿಯಿತು. ಈಗ ನಮ್ಮ ಮರ ಅರ್ಧ ಬೋಳು. ಮೂಡಲಗಿಯದೂ ಒಣಗುತ್ತಿದೆ.

ಬೆಳಿಗ್ಗೆ ಅವ್ವನಿಗೆ ಟೊಂಗೆಯ ಸಂದಿಯಲ್ಲಿ ಹುಳು ತೋರಿಸಿದೆ. "ದೇವರ ಮ್ಯಾಲಿನ ಹುಳಾನೂ ದೇವರದ. ಮಗಳ ಕೂಸಿಗೆ ಅಂತ ಒಯ್ಯಾಕತ್ತೇನಿ, ನೀ ಸುಮ್ಕಿರು" ಎಂದು ಗಾಡಿ ಏರಿದಳು. ಹೆತ್ತವಳ ಉಡಿಗೆ ಕೈಹಾಕುವುದು ಹೇಗೆ, ನೀನೇ ಹೇಳು.

ನಿಮ್ಮೂರ ಬನ್ನಿ ಬನದಲ್ಲಿ ಇನ್ನೂ ಹುಳುವಿಲ್ಲ. ನಿನ್ನ ಆಡುಗಳಿಗೆ ಬೇಸಿಗೆಯಲ್ಲಿ ಅದರ ಸೊಪ್ಪೇ ಗತಿ. ಅದರಾಚೆ ಹಿಡಕಲ್ ಗುಡ್ಡದ ಅಡವಿ. ಒಮ್ಮೆ ಹತ್ತಿದರೆ ಬಿಡಿಸುವವರು ಯಾರೂ ಇಲ್ಲ. ನನಗೆ ಭಯವಾಗುತ್ತಿದೆ ಅಕ್ಕ.

ಊರ ಅಗಸಿ ಬಾಗಿಲ ಹೊರಗೇ ಗಾಡಿ ತಡೆ. ಬೇರೆ ಸೀರೆ ಒಯ್ದು ಅವ್ವನಿಗೆ ಉಡಿಸು. ಉಟ್ಟು ಬಂದ ಸೀರೆಯನ್ನೂ ಟೊಂಗೆಗಳನ್ನೂ ಅಲ್ಲೇ ಸುಡು. ಅವಳು ಅಳುತ್ತಾಳೆ, ನಿನ್ನ ಮನೆಯ ನೀರು ಕುಡಿಯದೆ ತಿರುಗಿ ಬಂದರೂ ಬಂದಾಳು. ಬಂದರೆ ಬರಲಿ, ನೀನು ಮಾತ್ರ ಕರಗಬೇಡ.

ಮೆಹಬೂಬ ಹೊಗೆ ನೋಡಿಯೇ ಹಿಂದಿರುಗುತ್ತಾನೆ. ಅವನು ಬರುವ ತನಕ ನನಗೆ ಅನ್ನ ಇಳಿಯುವುದಿಲ್ಲ.

ನಿನ್ನ ಕೂಸಿಗೆ ಆ ಬನದ ನೆರಳು ಸಿಗಲಿ.

ನಿನ್ನ ತಮ್ಮ,
ಕೇದಾರಿ