ವಿಸರ್ಜನೆಯ ದಿನದ ವಿಮಾನ

ಮಾರ್ಚ್ ೧೪, ಗುರುವಾರ

ಮುದ್ದು ಗುಬ್ಬಿ,

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತ ಅಪ್ಪನ ಮೇಲೆ ಸಿಟ್ಟು ಬಂದಿರುತ್ತದೆ. ಬರಲಿ, ನ್ಯಾಯವಾದದ್ದೇ. ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ.

ತಡವಾದದ್ದು ಆ ಪುಸ್ತಕದಿಂದ. ವಾಯುಪಡೆಯ ನಮ್ಮ ಹಳೆಯ ಕಮಾಂಡ್ ಮುಚ್ಚಿ ಹತ್ತು ವರ್ಷವಾಯಿತೆಂದು ಅದರ ಚರಿತ್ರೆ ಬರೆಸುತ್ತಿದ್ದಾರೆ. ನಿವೃತ್ತರಲ್ಲಿ ಬರೆಯುವ ಚಟ ಇರುವವನು ನಾನೊಬ್ಬನೇ ಅಂತ ಕೆಲಸ ನನ್ನ ಕೊರಳಿಗೆ ಬಿತ್ತು. ಹಳೆಯ ಕಚೇರಿಯಲ್ಲೇ ಕೋಣೆ ಕೊಟ್ಟಿದ್ದಾರೆ. ನಕ್ಷೆಗಳಿದ್ದ ಗೋಡೆಯಲ್ಲಿ ಮೊಳೆಗಳಷ್ಟೇ ಉಳಿದಿವೆ. ಒಂದು ಕಾಲಕ್ಕೆ ಈ ಕಟ್ಟಡದಿಂದ ಫೋನ್ ಹೋದರೆ ದೂರದ ವಿಮಾನ ನೆಲೆಗಳೂ ಬೆಚ್ಚುತ್ತಿದ್ದವು. ಈಗ ಫೋನೂ ಇಲ್ಲ, ಬೆಚ್ಚುವವರೂ ಇಲ್ಲ.

ಕೊನೆಯ ಅಧ್ಯಾಯಕ್ಕೆ ಬಂದು ಸಿಕ್ಕಿಕೊಂಡೆ. ನಿನ್ನಣ್ಣ ವಿಮಾನ ಹಾರಿಸಿಕೊಂಡು ಹೊರಟದ್ದು ಕಮಾಂಡಿನ ವಿಸರ್ಜನೆಯ ದಿನ ಬೆಳಿಗ್ಗೆ, ಬಿದ್ದದ್ದು ಮಧ್ಯಾಹ್ನ. ನಡುವೆ ಧ್ವಜ ಇಳಿಸಿ, ಕಮಾಂಡ್ ಮುಗಿಯಿತು ಎಂದು ಸಾರಿಬಿಟ್ಟಿದ್ದರು. ಬೀಳುವಾಗ ಅದು ನಮ್ಮ ವಿಮಾನವಲ್ಲ ಎನ್ನುತ್ತಾರೆ ಪುಸ್ತಕದ ಸಂಪಾದಕರು. ಹೊರಡುವಾಗ ಅದು ತಮ್ಮದಲ್ಲ ಎನ್ನುತ್ತಾರೆ ನಮ್ಮ ನೆಲೆಗಳನ್ನು ವಹಿಸಿಕೊಂಡ ಹೊಸ ಕಮಾಂಡಿನವರು. ನಮ್ಮ ಹುಡುಗ ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ಹೋದ.

ನಿನ್ನಮ್ಮನಿಗೆ ಪುಸ್ತಕದಲ್ಲಿ ಅವನ ಹೆಸರಿದ್ದರೆ ಸಾಕು, ಬೇರೇನೂ ಬೇಡ. ರಹಸ್ಯ ಕಾಗದಪತ್ರ ಸಾಗಿಸುವಾಗ ಹೋದ ಅಂತ ಆಗ ಬಂದು ಹೇಳಿದ್ದರಲ್ಲ, ಅದನ್ನೇ ನೆಚ್ಚಿಕೊಂಡು ಇಷ್ಟು ವರ್ಷ ತಲೆ ಎತ್ತಿ ಓಡಾಡಿದಳು. ಅಂದಿನ ಕಮಾಂಡರ್ ಒಂದು ಮಾತು ಹೇಳಿದರೆ ಸಂಪಾದಕರು ಕೇಳಿಯಾರೆಂದು ಹೋದ ವಾರ ಅವರ ಮನೆಗೆ ನನ್ನನ್ನು ಎಳೆದುಕೊಂಡೇ ಹೋದಳು. ಮುದುಕರು ಆದರದಿಂದಲೇ ಕೂರಿಸಿದರು, ಶಿಫಾರಸು ಬರೆದೂ ಕೊಟ್ಟರು. ಹೆಸರು ಬರುತ್ತದೆ, ಗುಬ್ಬಿ. ಒಂದೇ ಸಾಲು, ಆದರೂ ಬರುತ್ತದೆ. ಸಂತೋಷವಾಗಬೇಕಿತ್ತು, ಆಗಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿಮ್ಮ ಸಂಸಾರ ತಣ್ಣಗಿರಲಿ.

ನಿನ್ನ ಅಪ್ಪ

ತಾ.ಕ.: ಇದನ್ನು ಬರೆಯಬಾರದು ಅಂತಲೇ ಮೇಲೆ ಸಹಿ ಹಾಕಿ ಮುಗಿಸಿದ್ದೆ. ಒಬ್ಬನೇ ಹೊರಲಾರೆ. ಆ ವಿಮಾನದಲ್ಲಿ ಯಾವ ಕಾಗದಪತ್ರವೂ ಇರಲಿಲ್ಲ. ನಾವು ಹೊರಡುವಾಗ ಕಮಾಂಡರ್ ತಾವಾಗಿಯೇ ನೆನೆಸಿಕೊಂಡರು.

"ನಮ್ಮ ಮನೆ ಸಾಮಾನೆಲ್ಲ ಅದ್ರಲ್ಲೇ ಹೋಯ್ತು ನೋಡಿ. ತೇಗದ ಊಟದ ಮೇಜು. ಅಂಥದ್ದು ಮತ್ತೆ ಸಿಗಲೇ ಇಲ್ಲ."

ಕೆಟ್ಟ ಮನುಷ್ಯನಲ್ಲ. ಮೇಜಿನ ಬಗ್ಗೆ ಅವರಿಗೆ ನಿಜವಾಗಿಯೂ ದುಃಖವಿತ್ತು. ನಿನ್ನಮ್ಮ ನನ್ನ ಪಕ್ಕದಲ್ಲೇ ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ನಮ್ಮ ಮನೆಯ ಬೀಗ ತೆಗೆಯುವಾಗ ಕೇಳಿದಳು, "ಏನು ಹೊತ್ಕೊಂಡು ಹೋಗ್ತಿದೀನಿ ಅಂತ ಅವನಿಗೆ ಗೊತ್ತಿತ್ತಾ?"

ಏನು ತುಂಬಿದ್ದಾರೆಂದು ನೋಡಿ ಒಪ್ಪದೆ ಯಾವ ಪೈಲಟ್ಟೂ ವಿಮಾನ ಎಬ್ಬಿಸುವುದಿಲ್ಲ. ಗೊತ್ತಿರಲಿಲ್ಲ ಎಂದೆ.

ಅಮ್ಮ ನಿನ್ನನ್ನು ಕೇಳಿದರೆ ನೀನೂ ಹಾಗೆಯೇ ಹೇಳು.