ಹೆಲ್ಮೆಟ್ಟಿನೊಳಗಿನ ಕುಂಕುಮ

ರಾಂಚೊ ಬರ್ನಾರ್ಡೊ, ಸ್ಯಾನ್ ಡಿಯೇಗೊ
10 ನವೆಂಬರ್ 2013

ಪ್ರೀತಿಯ ಜಯಕ್ಕನಿಗೆ,

ಕುಮುದಾಳ ನಮಸ್ಕಾರ. ನಾವು ಮೂವರೂ ಚೆನ್ನಾಗಿದ್ದೇವೆ, ನೀವೆಲ್ಲರೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ಎರಡು ತಿಂಗಳಿಂದ ಸುದ್ದಿಯಿಲ್ಲವೆಂದು ಬೈದುಕೊಂಡಿರುತ್ತೀಯ, ತಪ್ಪು ನನ್ನದೇ. ಫೋನ್ ಮಾಡಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿ ಮಾತಾಡುತ್ತೀಯ, ಭಾವ ಪಕ್ಕದಲ್ಲಿ ಪೇಪರ್ ಹಿಡಿದು ಒಂದಕ್ಷರ ಓದದೆ ಎಲ್ಲ ಕೇಳಿಸಿಕೊಳ್ಳುತ್ತಾರೆ. ನನಗೆ ಗೊತ್ತು! ಅದಕ್ಕೇ ಕಾಗದ. ಒಬ್ಬಳೇ ಓದು.

ನಮ್ಮ ಹರಿಣಿ ಐಸಿನ ಮೇಲೆ ಹಾಕಿ ಆಟ ಆಡುತ್ತಾಳೆ ಎಂದಿದ್ದೆನಲ್ಲ. ಇಲ್ಲಿ ಹುಡುಗಿಯರದೇ ತಂಡ ಕಟ್ಟಿದ್ದು ಇದೇ ಮೊದಲ ವರ್ಷ. ಇರುವುದು ಹನ್ನೊಂದು ಜನ, ಅದರಲ್ಲಿ ಅರ್ಧ ಜನಕ್ಕೆ ಐಸಿನ ಮೇಲೆ ನೆಟ್ಟಗೆ ನಿಲ್ಲಲೂ ಬಾರದು. ಹೊರಗೆ ಬೆವರು ಕಿತ್ತುಬರುವ ಸೆಕೆ, ಒಳಗೆ ನಾವು ತಾಯಂದಿರು ಶಾಲು ಹೊದ್ದು ನಡುಗುತ್ತಾ ಕೂರುವುದು. ನಮ್ಮವಳು ಗೋಲಿನ ಮುಂದೆ ನಿಲ್ಲುವವಳು. ಕಪ್ಪು ರಬ್ಬರ್ ಬಿಲ್ಲೆಯೊಂದು ಗುಂಡಿನ ಹಾಗೆ ಬರುತ್ತದೆ, ಇವಳು ಮೈಯೊಡ್ಡಿ ತಡೆಯಬೇಕು. ಹದಿಮೂರು ವರ್ಷಕ್ಕೆ ಎಂಥ ಧೈರ್ಯ ಅಂತೀಯ! ಅವಳಿಲ್ಲದಾಗ ಆ ಜಾಗದಲ್ಲಿ ನಿಲ್ಲುವವಳು ಪಂಕಜಾಳ ಮಗಳು ಸ್ಪಂದನಾ.

ಪಂಕಜಾ ಗೊತ್ತಲ್ಲ, ನಮ್ಮ ಬೀದಿಯವಳು, ಒಂಬತ್ತು ವರ್ಷದಿಂದ ಗೆಳತಿ, ನನಗೆ ಡ್ರೈವಿಂಗ್ ಕಲಿಸಿದವಳು. ಬುಧವಾರ ನನಗೆ ಆಫೀಸಿನಲ್ಲಿ ಮೀಟಿಂಗ್ ಇರುವುದರಿಂದ ಎರಡೂ ಮಕ್ಕಳನ್ನು ಪ್ರಾಕ್ಟೀಸಿಗೆ ಅವಳೇ ಕರೆದೊಯ್ಯುತ್ತಿದ್ದಳು.

ಸೆಪ್ಟೆಂಬರ್ ಕೊನೆಯಲ್ಲಿ ಹರಿಣಿಯನ್ನು ಆಡಿಸದೆ ಬೆಂಚಿನ ಮೇಲೆ ಕೂರಿಸಿದರು. ಒಂದು ವಾರವಲ್ಲ, ಮೂರು ವಾರ! ಗೋಲಿಗೆ ಸ್ಪಂದನಾ. ಒಂದು ದಿನ ನೋಡುತ್ತೇನೆ, ಮೂಲೆಯಲ್ಲಿ ಪಂಕಜಾ ಮತ್ತು ಆಟ ಕಲಿಸುವ ಕೋಚಮ್ಮನ ಪಿಸಪಿಸ. ನಾನು ಹೋದದ್ದೇ ತಡ, ಇಬ್ಬರ ಬಾಯಿಗೂ ಬೀಗ.

"ಏನೇ ಅದು?" ಎಂದೆ.

"ಏನಿಲ್ಲ ಕಣೇ, ಸುಮ್ನೆ" ಎಂದಳು.

ಸುಮ್ಮನೆ ಯಾರಾದರೂ ಮುಖ ತಿರುಗಿಸುತ್ತಾರಾ? ಹರಿಣಿಯನ್ನು ಕೇಳಿದರೆ "ಇಟ್ಸ್ ಫೈನ್, ಅಮ್ಮಾ". ಮನೆಯಲ್ಲಿ ಇವರನ್ನು ಕೇಳಿದರೆ "ಆಟ ಅಂದ್ಮೇಲೆ ಎಲ್ರಿಗೂ ಚಾನ್ಸ್ ಸಿಗ್ಬೇಕಲ್ವೇನೇ". ಬೆಂಕಿಯಿಲ್ಲದೆ ಹೊಗೆ ಬರುತ್ತದೆಯೇ ಅಕ್ಕ? ಪಂಕಜಾ ತನ್ನ ಮಗಳನ್ನು ಮುಂದೆ ತರಲು ನನ್ನ ಮಗಳನ್ನು ಹಿಂದೆ ತಳ್ಳಿಸಿದ್ದಾಳೆಂದು ನನಗೆ ಖಾತ್ರಿಯಾಯಿತು.

ಆಯುಧಪೂಜೆಯ ದಿನ ಕಾರು, ಲ್ಯಾಪ್‌ಟಾಪ್, ಮಿಕ್ಸಿಯ ಜೊತೆ ಹರಿಣಿಯ ಹಾಕಿ ಸ್ಟಿಕ್ಕಿಗೂ ಅರಿಶಿನ ಕುಂಕುಮ ಇಟ್ಟೆ. ಸ್ಟಿಕ್ಕಿಗೆ ಮಾತ್ರ. ಮುಂದಿನ ಭಾನುವಾರ ಲಾಸ್ ಏಂಜಲೀಸಿನ ಕಡೆ ಮ್ಯಾಚು. ಅಂದೇ ಹರಿಣಿಯನ್ನು ಮತ್ತೆ ಗೋಲಿಗೆ ನಿಲ್ಲಿಸಿದರು. ಮಕ್ಕಳ ಆಟದ ಸಾಮಾನೆಲ್ಲ ಪಂಕಜಾಳ ವ್ಯಾನಿನಲ್ಲಿ ಬಂದಿತ್ತು.

ಹತ್ತು ನಿಮಿಷವೂ ಆಗಿರಲಿಲ್ಲ, ರೆಫ್ರಿ ಸೀಟಿ ಊದಿ ಧಾವಿಸಿ ಬಂದ. ಹರಿಣಿಯ ಹಣೆಯಿಂದ ಕೆನ್ನೆಗೆ ಕೆಂಪಗೆ ಇಳಿಯುತ್ತಿದೆ! "ಇಟ್ಸ್ ನಾಟ್ ಬ್ಲಡ್, ಇಟ್ಸ್ ಕುಂಕುಮ!" ಎಂದು ಅವಳು ಕೂಗಿದರೆ ಆ ಪುಣ್ಯಾತ್ಮನಿಗೆ ಏನು ಗೊತ್ತಾಗಬೇಕು? ರಕ್ತ ಬಂದವರು ಹೊರಗೆ ಹೋಗಬೇಕೆಂದು ಕಳಿಸಿಯೇ ಬಿಟ್ಟ. ಸ್ಪಂದನಾ ಒಳಗೆ ಹೋದಳು. ಹೆಲ್ಮೆಟ್ ಬಿಚ್ಚಿ ನೋಡಿದರೆ ಒಳಗಿನ ಸ್ಪಂಜಿಗೆ ಹಣೆಯ ಜಾಗದಲ್ಲಿ ದಪ್ಪಗೆ ಕುಂಕುಮ ಮೆತ್ತಿದೆ, ಬೆವರಿಗೆ ಕರಗಿ ಇಳಿದಿದೆ.

"ನನ್ನ ಮಗಳ ತಲೆಗೆ ಏನು ಮಾಟ ಮಾಡ್ಸಿದೀಯೇ?" ಎಂದು ಎಲ್ಲರೆದುರು ಪಂಕಜಾಳನ್ನು ಕೇಳಿಬಿಟ್ಟೆ. ಎಂ.ಎಸ್. ಓದಿದವಳು ನಾನು, ಬಾಯಲ್ಲಿ ಬಂದ ಮಾತು ಮಾಟ! ಅಲ್ಲಿದ್ದ ಕನ್ನಡದವರೆಲ್ಲ ತಲೆ ತಗ್ಗಿಸಿದರು. ಪಂಕಜಾ ಆಟ ಮುಗಿದ ಮೇಲೆ ನಮ್ಮ ಚೀಲವನ್ನು ನಮ್ಮ ಕಾರಿನ ಪಕ್ಕದಲ್ಲಿಟ್ಟು ಹೊರಟುಹೋದಳು.

ವಾಪಸು ಬರುವಾಗ ಹೈವೇಯಲ್ಲಿ ಇವರು ಬಾಯಿಬಿಟ್ಟರು. "ನಾನೇ ಕಣೇ ಹಚ್ಚಿದ್ದು, ಚೀಲ ಕಳ್ಸೋ ಮುಂಚೆ. ಅಲ್ಲೇ ಹೇಳೋಣ ಅಂದ್ರೆ ನೀನು ಬಿಟ್ರೆ ತಾನೆ."

ಪೂಜೆಗೆ ಕೂರಿ ಎಂದರೆ ಫೋನ್ ನೋಡುತ್ತಾ ಕೂರುವ ಮನುಷ್ಯ! ಯಾಕೆ ಎಂದು ಕೇಳಿದರೆ "ಭಯ ಆಯ್ತು" ಎಂದರು, ಅಷ್ಟೇ. ಏನೋ ಮುಚ್ಚಿಡುತ್ತಿದ್ದಾರೆ ಎಂದು ಆಗಲೇ ಅನ್ನಿಸಿತು.

ಅಂದಿನಿಂದ ಸ್ಪಂದನಾ ತಂಡಕ್ಕೆ ಬರುತ್ತಿಲ್ಲ. ದೀಪಾವಳಿಗೆ ಕಜ್ಜಾಯ ಹಿಡಿದು ನಾನೇ ಪಂಕಜಾಳ ಮನೆಗೆ ಹೋದೆ, ತಪ್ಪಾಯಿತೆಂದೆ. ಆದರೂ ಒಂದು ಮುಳ್ಳು ಉಳಿದಿತ್ತಲ್ಲ, ಕೋಚಮ್ಮನ ಹತ್ತಿರ ಏನು ಮಾತಾಡುತ್ತಿದ್ದೆ ಎಂದೂ ಕೇಳಿದೆ. "ಅದನ್ನ ನಿಮ್ಮ ಯಜಮಾನ್ರನ್ನೇ ಕೇಳಿ. ಕಾಫಿ ತಗೊಳ್ಳಿ" ಎಂದಳು. ಒಂಬತ್ತು ವರ್ಷ ಹೋಗೇ ಬಾರೇ ಎಂದವಳು ನನ್ನನ್ನು ನೀವು ಎಂದಳು ಅಕ್ಕ.

ಭಾವನಿಗೆ ನಮಸ್ಕಾರ. ಗಗನ್‌ನ ಪರೀಕ್ಷೆ ಚೆನ್ನಾಗಿ ಆಗಲಿ, ಚಿಕ್ಕಮ್ಮನ ಆಶೀರ್ವಾದ ಅವನ ಮೇಲೆ ಸದಾ ಇದೆ ಎಂದು ಹೇಳು. ಮಂಡಿನೋವಿಗೆ ಡಾಕ್ಟರ್ ಹೇಳಿದ್ದನ್ನು ಕೇಳು.

ನಿನ್ನ ತಂಗಿ,
ಕುಮುದಾ

ತಾ.ಕ.: ಬರೆಯಬಾರದೆಂದಿದ್ದೆ, ತಡೆಯಲಾಗಲಿಲ್ಲ. ಇವರನ್ನು ಕೂರಿಸಿ ಕೇಳಿದೆ. ಸೆಪ್ಟೆಂಬರಿನ ಒಂದು ಬುಧವಾರ ಹರಿಣಿ ಜಾರಿ, ಗೋಲಿನ ಕಂಬಕ್ಕೆ ತಲೆ ಬಡಿದು, ವಾಂತಿ ಮಾಡಿಕೊಂಡಿದ್ದಳಂತೆ. ಡಾಕ್ಟರ ಹತ್ತಿರ ಎತ್ತಿಕೊಂಡು ಓಡಿದವಳು ಪಂಕಜಾ. ಮೂರು ವಾರ ಆಡಬಾರದೆಂದು ಡಾಕ್ಟರೇ ಹೇಳಿದ್ದು. ಕೋಚಮ್ಮನಿಗೆ ಗೊತ್ತು, ಸ್ಪಂದನಾಳಿಗೆ ಗೊತ್ತು, ಇವರಿಗೆ ಗೊತ್ತು. ಅಮ್ಮನಿಗೆ ಹೇಳಬೇಡಿ ಎಂದು ಎಲ್ಲರ ಕೈಲೂ ಮಾತು ತೆಗೆದುಕೊಂಡವಳು ಹರಿಣಿ. ಇವರು ಹೇಳುವಾಗ ಅವಳೂ ಅಲ್ಲೇ ಕೂತಿದ್ದಳು. ಕೇಳಿದ ಕೂಡಲೇ ನಾನೆಂದೆ, "ಯಾರು ತಳ್ಳಿದ್ದು?"

ಸದಾ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗು, "ನೋಡಿದ್ರಾ ಅಪ್ಪ, ಇದಕ್ಕೇ ಹೇಳ್ಬೇಡಿ ಅಂದಿದ್ದು" ಎಂದು ಕನ್ನಡದಲ್ಲಿ ಹೇಳಿ ಎದ್ದುಹೋದಳು. ಇದಾಗಿ ಐದು ದಿನವಾಯಿತು. ತಲೆ ಈಗ ಹೇಗಿದೆ ಎಂದು ಅವಳನ್ನು ನಾನಿನ್ನೂ ಕೇಳಿಲ್ಲ.