ಒಂದು ಚಿಟಿಕೆ ಕೋಟೆಮಣ್ಣು

ಬೀದರ ಕೋಟೆ,
೩೦ ಫೆಬ್ರವರಿ ೨೨೩೧

ಭಾನುವಾರದ ಬಿದರಿ ತರಗತಿ ನಡೆಸುವ ಹಿರಿಯರಿಗೆ ಜಗದೇವಿಯ ಶರಣು.

ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರವರಿ ಇಪ್ಪತ್ತೆಂಟಕ್ಕೇ ಸುಸ್ತಾಗುತ್ತಿತ್ತಂತೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕ ನೋಡಿ ಕಲಿತವಳು ನಾನು, ಎಲ್ಲಾದರೂ ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಕೋಟೆ ನೋಡಲು ಬಂದವರನ್ನು ಚಾಪೆಯ ಮೇಲೆ ಕೂರಿಸಿ ಬಿದರಿ ಕೆಲಸ ಹೇಳಿಕೊಡುತ್ತಿದ್ದಿರಿ ಎಂಬುದಷ್ಟೇ ಗೊತ್ತು. ಅದೇ ಕೋಣೆಯಲ್ಲಿ ಈಗ ನಾನು ಕೂತಿದ್ದೇನೆ.

ನನಗೂ ಭಾನುವಾರ ಅತಿಥಿಗಳಿದ್ದಾರೆ. ನಾವು ಅವರನ್ನು ನೆರಳತಿಥಿ ಎನ್ನುತ್ತೇವೆ: ಮೈ ಅವರವರ ಮನೆಯಲ್ಲೇ ಇರುತ್ತದೆ, ಕಣ್ಣು ಕಿವಿ ಮಾತ್ರ ಇಲ್ಲಿಗೆ ಬರುತ್ತವೆ. ನಲವತ್ತು ಜನ ಬಂದರೂ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ ಇರುವುದಿಲ್ಲ. ನಾನು ಸತು ತಾಮ್ರ ಕರಗಿಸಿ ಎರಕ ಹೊಯ್ದು ತೋರಿಸುತ್ತೇನೆ, ಉಳಿಯಿಂದ ಹೂಬಳ್ಳಿ ಕೆತ್ತಿ, ಗೀರಿನೊಳಗೆ ಬೆಳ್ಳಿತಂತಿ ಬಡಿದು ಕೂರಿಸುತ್ತೇನೆ. ಅಯ್ಯೋ, ಎಷ್ಟು ಚಂದ ಎನ್ನುತ್ತಾರೆ. ಗಂಟೆ ಮುಗಿದೊಡನೆ ನಲವತ್ತೂ ಜನ ಒಮ್ಮೆಲೇ ಆರಿಹೋಗುತ್ತಾರೆ. ಆಮೇಲೆ ಎರಡು ಲೋಟ ಚಹಾ ಮಾಡಿ ಎರಡನ್ನೂ ನಾನೇ ಕುಡಿಯುತ್ತೇನೆ. ಮೌಲಾಬಿ ಅಮ್ಮ ಇದ್ದಾಗಿನ ಅಭ್ಯಾಸ.

ಮೌಲಾಬಿ ಅಮ್ಮ ನನ್ನ ಗುರು. ಹೋದ ವರ್ಷ ತೀರಿಕೊಂಡರು. ಅವರ ಬಾಯಿ ಬಹಳ ಜೋರು, ಉಳಿ ಜಾರಿದರೆ "ಕಣ್ಣ ಗುಮ್ಮಟದ ಮ್ಯಾಲ ಇಟ್ಟ ಬಂದೀ ಏನ?" ಎಂದು ಬೈಯುತ್ತಿದ್ದರು. ಕೆಲಸದ ಕೊನೆಯ ಹಂತ ನಿಮಗೆ ತಿಳಿಯದ್ದಲ್ಲ: ಮಳೆ ಬಿಸಿಲು ಕಾಣದ ಕೋಟೆಮಣ್ಣನ್ನು ನವಸಾಗರದ ಉಪ್ಪಿನೊಂದಿಗೆ ನೀರಲ್ಲಿ ಕುದಿಸಿ ಪಾತ್ರೆ ಅದ್ದಿದರೆ, ಲೋಹ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆದೀತೆಂದು ಹೇಳುವುದು ನಾಲಗೆ. ಅಮ್ಮ ಒಂದು ಚಿಟಿಕೆ ತಾವು ಬಾಯಿಗೆ ಹಾಕಿಕೊಂಡು, ಒಂದು ಚಿಟಿಕೆ ನನ್ನ ಅಂಗೈಗೆ ಕೊಟ್ಟು, "ಹ್ಯಾಂಗದ ಬೇಟಿ?" ಎಂದು ಕೇಳುತ್ತಿದ್ದರು. ರುಚಿ ಹೇಗಿರಬೇಕೆಂದು ಮಾತ್ರ ಎಂದೂ ಹೇಳಲಿಲ್ಲ. ಹೇಳಿಬಿಟ್ಟರೆ ನಾಲಗೆ ಕಲಿಯುವುದಿಲ್ಲವಂತೆ.

ಈಗ ನನ್ನ ಕಳ್ಳತನ ಕೇಳಿ. ನಮ್ಮ ಕಾಲದವರಿಗೆ ಮಣ್ಣು ಬಾಯಿಗಿಡುವುದೆಂದರೆ ವಾಕರಿಕೆ. ಅನ್ನವನ್ನೂ ಸೋಸುಪೆಟ್ಟಿಗೆಯಲ್ಲಿ, ಅಂದರೆ ಕಣ್ಣಿಗೆ ಕಾಣದ ಕೊಳೆಯನ್ನು ತೆಗೆಯುವ ಡಬ್ಬಿಯಲ್ಲಿ, ಇಟ್ಟೇ ತಿನ್ನುವವರು ನಾವು. ಒಂಬತ್ತು ವರ್ಷ ನಾನು ಆ ಚಿಟಿಕೆಯನ್ನು ಬೆರಳ ಸಂದಿಯಲ್ಲಿ ಅಡಗಿಸಿ, ಸುಮ್ಮನೆ ಬಾಯಿ ಚಪ್ಪರಿಸಿ, ಅಮ್ಮನ ಮುಖ ನೋಡಿಕೊಂಡು "ಬರೋಬರಿ ಅದರಿ" ಎಂದೋ "ನಡ್ಯಾಂಗಿಲ್ರಿ" ಎಂದೋ ಹೇಳಿದೆ. ಅವರು ನಂಬಿದರು. ಕೊನೆಯ ದಿನ ನನ್ನ ಕೈ ಹಿಡಿದು, "ನನ್ನ ನಾಲಗಿ ನಿನ್ನ ಬಾಯಾಗ ಅದ, ನನಗ ಚಿಂತಿಲ್ಲ" ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಎಂಥ ನಾಚಿಕೆಗೆಟ್ಟವಳು ನೋಡಿ ನಾನು.

ಅವರು ಆರಿಸಿಟ್ಟಿದ್ದ ಮಣ್ಣು ಕಳೆದ ತಿಂಗಳು ಮುಗಿಯಿತು. ನಮ್ಮಲ್ಲಿ ಮಣ್ಣಳೆಗಡ್ಡಿ ಎಂಬ ಯಂತ್ರವಿದೆ, ಚುಚ್ಚಿದರೆ ಮಣ್ಣಿನೊಳಗೆ ಏನೇನಿದೆ ಎಂದು ಹೇಳುತ್ತದೆ. ಅದು ಸೈ ಎಂದ ಮಣ್ಣಿನಲ್ಲಿ ಆರು ಹೂದಾನಿ ಕುದಿಸಿದೆ. ಆರೂ ಬೂದಿಬಣ್ಣಕ್ಕೆ ತಿರುಗಿ ಕೂತಿವೆ. ಉಳಿದಿರುವುದು ಅಮ್ಮ ಕೆತ್ತಿದ ಕೊನೆಯ ಸುರಾಹಿ, ಉದ್ದ ಕತ್ತಿನ ಹೂಜಿ. ಅದೂ ಕೆಟ್ಟರೆ ಬಿದರಿಯ ಕಪ್ಪು ನನ್ನ ಕೈಯಲ್ಲೇ ಸತ್ತಂತೆ. ಕೇಳೋಣವೆಂದರೆ ಈ ರುಚಿ ಬಲ್ಲವರು ಇನ್ನೊಬ್ಬರಿಲ್ಲ.

ಅದಕ್ಕೇ ನಿಮಗೆ ಬರೆದೆ. ಮುಂದಿನ ಭಾನುವಾರ ನಿಮ್ಮ ಚಾಪೆಯ ಮೇಲೆ ಯಾರಾದರೂ ಮಣ್ಣನ್ನು ಅಡಗಿಸಿ ಬರೀ ಬಾಯಿ ಚಪ್ಪರಿಸಿದರೆ, ನಕ್ಕು ಬಿಟ್ಟುಬಿಡಬೇಡಿ. ಕೈ ಬಿಚ್ಚಿಸಿ ನೋಡಿ. ಬೇಕಾದರೆ ಬೈಯಿರಿ. ಅವರು ನಿಮ್ಮ ಎದುರಿಗೇ ಇದ್ದಾರೆ, ನಿಮಗೆ ಅವರ ಕೈ ಸಿಗುತ್ತದೆ.

ಇಂದು ಬೆಳಿಗ್ಗೆ ಹಳೆಯ ಗೋಡೆಯ ಬುಡದಿಂದ ಒಂದು ಹಿಡಿ ತಂದಿದ್ದೇನೆ. ಸುರಾಹಿ ಪಕ್ಕದಲ್ಲಿದೆ, ನೀರು ಕುದಿಯುತ್ತಿದೆ. ಒಂದು ಚಿಟಿಕೆ ನಾಲಗೆಯ ಮೇಲೆ ಇಟ್ಟುಕೊಂಡಿದ್ದೇನೆ, ಈ ಸಲ ನಿಜವಾಗಿಯೂ.

ಹ್ಯಾಂಗದ ಅಂತ ಒಂದ್ಸಲ ಕೇಳ್ರಿ.